ಹಿಮದ ನಡುವೆ ಕಾವೇರುವ ಗಾಡಿ

ಮಾರ್ಚ್ ತಿಂಗಳ ಉತ್ತರ ಮಿನ್ನೆಸೋಟ. ಹಗಲು ಬಿಸಿಲಿಗೆ ತುಸು ಕರಗಿದ ಹಿಮ ರಾತ್ರಿ ಮತ್ತೆ ಹೆಪ್ಪುಗಟ್ಟಿ, ಬೆಳಗಾಗುವಷ್ಟರಲ್ಲಿ ಹಾದಿಯೆಲ್ಲ ಕಲ್ಲಾಗಿರುತ್ತದೆ. ಕಣ್ಣು ಹಾಯಿಸಿದಷ್ಟು ದೂರ ಬಿಳುಪು, ಉಷ್ಣಾಂಶ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೆ. ಅಂಥ ಹಾದಿಯಲ್ಲಿ ಅರ್ಧ ಗಂಟೆ ಓಡಿದ ಸ್ನೋಮೊಬೈಲಿನ ಮೀಟರಿನಲ್ಲಿ ಕೆಂಪು ದೀಪ ಹೊತ್ತಿಕೊಳ್ಳುತ್ತದೆ. ಎಂಜಿನ್ ಕಾದಿದೆ ಎಂಬ ಸೂಚನೆ ಅದು. ಅದರ ಬೆನ್ನಿಗೇ ಗಾಡಿಯ ಅಡಿಯಿಂದ ಪ್ಲಾಸ್ಟಿಕ್ ಸುಟ್ಟ ವಾಸನೆ ಮೂಗಿಗೆ ಬಡಿಯುತ್ತದೆ.

ಅಮೆರಿಕದ ಮಿನ್ನೆಸೋಟ, ವಿಸ್ಕಾನ್ಸಿನ್, ಮಿಷಿಗನ್, ಕೆನಡಾದ ಒಂಟಾರಿಯೊ, ಕ್ವಿಬೆಕ್ ಕಡೆಯ ಸವಾರರಿಗೆ ಇದು ಪ್ರತಿ ಚಳಿಗಾಲದ ಪಾಡು. ಋತುವಿನ ಆರಂಭದಲ್ಲಿ ಹಿಮ ತೆಳುವಾಗಿದ್ದಾಗ, ಕೊನೆಯಲ್ಲಿ ಅದು ಮಂಜುಗಡ್ಡೆಯಾದಾಗ, ನಡುವೆ ಹೆಪ್ಪುಗಟ್ಟಿದ ಕೆರೆಗಳನ್ನು ದಾಟುವಾಗ ಈ ಗಾಡಿಗಳಿಗೆ ಸೆಕೆ ಹತ್ತುತ್ತದೆ. ಕೊರೆಯುವ ಚಳಿ ಸುತ್ತಲೂ ಇದ್ದರೂ ಅದು ಗಾಡಿಯ ಉಪಯೋಗಕ್ಕೆ ಬರುವುದಿಲ್ಲ. ಅದಕ್ಕೆ ಬೇಕಾಗಿರುವುದು ಚಳಿಗಾಳಿಗಿಂತ ಹೆಚ್ಚಾಗಿ ಸಡಿಲವಾದ, ಪುಡಿಪುಡಿಯಾದ ಹಿಮ.

ಗುಲ್ಮಾರ್ಗ್‌ಗೆ ಹೋಗಿಬಂದ ಕನ್ನಡಿಗರಲ್ಲಿ ಹಲವರು ಈ ಗಾಡಿ ಹತ್ತಿರುತ್ತಾರೆ. ಬಾಡಿಗೆಗೆ ಸಿಗುವ ‘ಸ್ನೋ ಬೈಕ್’ ಅಥವಾ ‘ಸ್ನೋ ಸ್ಕೂಟರ್’ ಎಂದು ಅಲ್ಲಿ ಕರೆಯುವುದು ಇದನ್ನೇ. ಮುಂದೆ ದಿಕ್ಕು ತಿರುಗಿಸಲು ಎರಡು ಸ್ಕೀ, ಹಿಂದೆ ಗಾಡಿಯನ್ನು ತಳ್ಳಲು ಅಗಲವಾದ ಒಂದು ರಬ್ಬರ್ ಟ್ರ್ಯಾಕ್, ಅದರ ಮೇಲೆ ಬೈಕಿನಂಥದೇ ಸೀಟು. ಹೊರಗಿನಿಂದ ಕಾಣುವುದು ಇಷ್ಟು. ಇದರ ನಿಜವಾದ ಜಾಣ್ಮೆ ಕಾಣಬೇಕಾದರೆ ಮೊಣಕಾಲೂರಿ ಕೂತು ಸೀಟಿನ ಅಡಿಗೆ ಬಗ್ಗಿ ನೋಡಬೇಕು.

ಸೀಟಿನ ಕೆಳಗೆ ಟ್ರ್ಯಾಕಿನ ಉದ್ದಕ್ಕೂ ಮಗುಚಿ ಹಾಕಿದ ದೋಣಿಯಂಥ ಅಲ್ಯೂಮಿನಿಯಂ ಚಾವಣಿ ಇರುತ್ತದೆ. ಸವಾರರು ಅದನ್ನು ಟನಲ್ ಎನ್ನುತ್ತಾರೆ. ಅದರ ಒಳಮೈಗೆ ಅಂಟಿಕೊಂಡಂತೆ ಉದ್ದುದ್ದ ಪಟ್ಟಿಗಳಿರುತ್ತವೆ, ಒಳಗೆ ಪೊಳ್ಳು, ಹೊರಗೆ ಸಾಲುಗೆರೆ. ಎಂಜಿನ್ನಿನಿಂದ ಬಿಸಿಯಾಗಿ ಬಂದ ಕೂಲಂಟ್ ದ್ರವ ಈ ಪೊಳ್ಳಿನಲ್ಲಿ ಹರಿದು ತಣಿದು ಮರಳುತ್ತದೆ. ಕಾರಿನ ರೇಡಿಯೇಟರ್ ಮಾಡುವ ಕೆಲಸವನ್ನೇ ಇವು ಮಾಡುವುದು. ಆದರೆ ಕಾರಿನಲ್ಲಿ ರೇಡಿಯೇಟರನ್ನು ತಣಿಸುವುದು ಗಾಳಿ, ಇಲ್ಲಿ ತಣಿಸುವುದು ಹಿಮ. ಟ್ರ್ಯಾಕ್ ತಿರುಗುತ್ತ ಕೆಳಗಿನ ಹಿಮವನ್ನು ಕೆದರಿ ಮೇಲಕ್ಕೆ ಎರಚುತ್ತದೆ, ಅದು ಬಿಸಿ ಪಟ್ಟಿಗೆ ಬಡಿದು ಕರಗಿ ನೀರಾಗಿ ಸೋರಿಹೋಗುತ್ತದೆ, ಹೋಗುವಾಗ ಶಾಖವನ್ನೂ ಒಯ್ಯುತ್ತದೆ. ಟನಲಿನ ಹಿಂತುದಿಯಲ್ಲಿ ಜೋತಾಡುವ ರಬ್ಬರ್ ಫ್ಲ್ಯಾಪ್ ಹಿಂದಿನ ಸವಾರನ ಮುಖಕ್ಕೆ ಹಿಮ ಹಾರದಂತೆ ತಡೆಯುವುದರ ಜೊತೆಗೆ ಎರಚಿದ ಹಿಮವನ್ನು ಮತ್ತೆ ಒಳಕ್ಕೆ ತಿರುಗಿಸುತ್ತದೆ. ಅಂದಕ್ಕೆಂದು ಅದನ್ನು ಕತ್ತರಿಸಿ ಚಿಕ್ಕದು ಮಾಡಿಕೊಂಡವರ ಎಂಜಿನ್ ಉಳಿದವರದಕ್ಕಿಂತ ಬೇಗ ಕಾಯುತ್ತದೆ.

ಹಿಮವನ್ನೇ ನಂಬಿಕೊಳ್ಳಲು ಭೌತಶಾಸ್ತ್ರದ ಬಲವಾದ ಕಾರಣವಿದೆ. ಸೊನ್ನೆ ಡಿಗ್ರಿಯಲ್ಲಿರುವ ಒಂದು ಕಿಲೋ ಹಿಮ ಕರಗಿ ಸೊನ್ನೆ ಡಿಗ್ರಿಯ ನೀರಾಗಲು ಸುಮಾರು 334 ಕಿಲೋಜೂಲ್ ಶಾಖ ಹೀರುತ್ತದೆ. ಅದೇ ಒಂದು ಕಿಲೋ ನೀರನ್ನು ಸೊನ್ನೆಯಿಂದ 80 ಡಿಗ್ರಿಯವರೆಗೆ ಕಾಯಿಸಲು ಬೇಕಾಗುವಷ್ಟು ಶಾಖ ಅದು. ಕರಗುವಿಕೆಯೊಂದರಲ್ಲೇ ಇಷ್ಟು ಶಾಖ ಮಾಯವಾಗುವಾಗ ದೊಡ್ಡ ರೇಡಿಯೇಟರನ್ನೂ ಅದರ ಫ್ಯಾನನ್ನೂ ಹೊತ್ತು ತಿರುಗುವ ಅಗತ್ಯವಿಲ್ಲ. ಒಂದು ಅಂದಾಜು ಲೆಕ್ಕ ಹಾಕೋಣ. ಹದವಾದ ವೇಗದಲ್ಲಿ ಓಡುತ್ತಿರುವ ಗಾಡಿಯ ಎಂಜಿನ್ 15 ಕಿಲೋವಾಟ್ ಶಾಖವನ್ನು ಕೂಲಂಟಿಗೆ ಬಿಡುತ್ತಿದೆ ಎಂದುಕೊಂಡರೆ, ಅದನ್ನೆಲ್ಲ ಹೀರಲು ಸೆಕೆಂಡಿಗೆ 45 ಗ್ರಾಂ ಹಿಮ ಕರಗಬೇಕು. ನಿಮಿಷಕ್ಕೆ ಅದು ಎರಡೂಮುಕ್ಕಾಲು ಕಿಲೋ ಹತ್ತಿರ. ಪುಡಿಹಿಮದಲ್ಲಿ ಟ್ರ್ಯಾಕ್ ಇದರ ಎಷ್ಟೋ ಪಟ್ಟು ಎರಚುತ್ತದೆ, ಆಗ ಚಿಂತೆಯಿಲ್ಲ. ಗಟ್ಟಿ ಮಂಜುಗಡ್ಡೆಯ ಮೇಲೆ ಬೊಗಸೆಯಷ್ಟೂ ಮೇಲೇಳುವುದಿಲ್ಲ.

ಎಂಜಿನ್ನಿನ ಕಥೆ ಇದು. ಅದಕ್ಕಿಂತ ಬೇಗ ಕೆಡುವ, ಹೊಸ ಸವಾರರ ಗಮನಕ್ಕೆ ತಡವಾಗಿ ಬರುವ ಭಾಗ ಇನ್ನೊಂದಿದೆ.

ಟ್ರ್ಯಾಕಿನ ಒಳಗೆ ಉದ್ದಕ್ಕೂ ಎರಡು ಅಲ್ಯೂಮಿನಿಯಂ ರೈಲುಗಳಿರುತ್ತವೆ. ಗಾಡಿಯ ಮತ್ತು ಸವಾರನ ಭಾರದ ದೊಡ್ಡ ಪಾಲು ಈ ರೈಲುಗಳ ಮೂಲಕ ಟ್ರ್ಯಾಕಿಗೆ, ಅಲ್ಲಿಂದ ನೆಲಕ್ಕೆ ಇಳಿಯುತ್ತದೆ. ರೈಲಿನ ತಳಕ್ಕೆ ತೊಡಿಸಿದ ಪ್ಲಾಸ್ಟಿಕ್ ಪಟ್ಟಿಯೇ ಸ್ಲೈಡ್. ಅಮೆರಿಕದ ಸವಾರರ ಬಾಯಲ್ಲಿ ಅದು ‘ಹೈಫ್ಯಾಕ್ಸ್’. ಟ್ರ್ಯಾಕಿನ ಒಳಮೈಯಲ್ಲಿ ಸಾಲಾಗಿ ಕೂರಿಸಿದ ಉಕ್ಕಿನ ಕ್ಲಿಪ್‌ಗಳು ಈ ಪ್ಲಾಸ್ಟಿಕ್ಕನ್ನು ಉಜ್ಜಿಕೊಂಡು ಸಾಗುತ್ತವೆ. ಗಾಡಿ ಓಡುವಾಗ ನೆಲಕ್ಕೆ ತಾಗಿದ ಟ್ರ್ಯಾಕಿನ ಭಾಗ ನೆಲದ ಮೇಲೆ ನಿಂತೇ ಇರುತ್ತದೆ, ಗಾಡಿ ಅದರ ಮೇಲೆ ಜಾರಿಕೊಂಡು ಮುಂದೆ ಹೋಗುತ್ತದೆ. ಅಂದರೆ ಗಾಡಿಯ ವೇಗವೆಷ್ಟೋ ಸ್ಲೈಡ್ ಮತ್ತು ಕ್ಲಿಪ್‌ಗಳ ನಡುವಿನ ಉಜ್ಜಾಟದ ವೇಗವೂ ಅಷ್ಟೇ. ಕ್ಲಿಪ್‌ಗಳ ನಡುವೆ ಸುಮಾರು 7 ಸೆಂಟಿಮೀಟರ್ ಅಂತರವಿದ್ದರೆ, ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಸ್ಲೈಡಿನ ಒಂದೊಂದು ಬಿಂದುವಿನ ಮೇಲೂ ಸೆಕೆಂಡಿಗೆ 240ರಷ್ಟು ಕ್ಲಿಪ್‌ಗಳು ಹಾದುಹೋಗುತ್ತವೆ.

ಈ ಪ್ಲಾಸ್ಟಿಕ್ ಸಾಮಾನ್ಯದ್ದಲ್ಲ. ಅತಿ ಹೆಚ್ಚು ಅಣುತೂಕದ ಪಾಲಿಎಥಿಲೀನ್ ಅದು. ನಮ್ಮ ಆಸ್ಪತ್ರೆಗಳಲ್ಲಿ ಮಂಡಿ, ಸೊಂಟದ ಕೀಲು ಬದಲಿಸುವಾಗ ಲೋಹದ ಎದುರಿಗೆ ಕೂರಿಸುವುದು ಇದೇ ಜಾತಿಯ ಪ್ಲಾಸ್ಟಿಕ್ಕನ್ನು. ಸವೆತ ತಡೆಯುವುದರಲ್ಲಿ ಇದಕ್ಕೆ ಸಾಟಿ ಕಡಿಮೆ, ಬಿಸಿ ತಡೆಯುವುದರಲ್ಲಿ ಮಾತ್ರ ತೀರಾ ಬಡವ. 130ರಿಂದ 135 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಕರಗುತ್ತದೆ, ಅದಕ್ಕೂ ಎಷ್ಟೋ ಮೊದಲೇ ಮೆತ್ತಗಾಗುತ್ತದೆ. ಸ್ಲೈಡುಗಳ ಮೇಲೆ 150 ಕಿಲೋ ಭಾರವಿದ್ದು, ಹಿಮ ನೀರು ಯಾವುದೂ ಇಲ್ಲದೆ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಗಾಡಿ ಓಡಿದರೆ, ಅಲ್ಲಿ ಹುಟ್ಟುವ ಶಾಖ ಮೂರೂವರೆ ಕಿಲೋವಾಟ್ ದಾಟಬಹುದು. ಮೂರ್ನಾಲ್ಕು ಇಸ್ತ್ರಿಪೆಟ್ಟಿಗೆಗಳನ್ನು ಒಟ್ಟಿಗೆ ಹಚ್ಚಿಟ್ಟು ಆ ಎರಡು ಸಣ್ಣ ಪಟ್ಟಿಗಳಿಗೆ ಒತ್ತಿ ಹಿಡಿದಂತೆ.

ಹಾಗಾದರೆ ಒಳ್ಳೆಯ ಹಿಮದಲ್ಲಿ ಇವು ಹೇಗೆ ಬದುಕುತ್ತವೆ? ಟ್ರ್ಯಾಕಿನಲ್ಲಿ ಅಲ್ಲಲ್ಲಿ ಕಿಟಕಿಗಳಂಥ ತೂತುಗಳಿವೆ. ಅವುಗಳ ಮೂಲಕವೂ ಪಕ್ಕದಿಂದಲೂ ಒಳಗೆ ನುಗ್ಗುವ ಹಿಮ ಕ್ಲಿಪ್ ಮತ್ತು ಸ್ಲೈಡುಗಳ ನಡುವೆ ಸಿಕ್ಕಿ, ಉಜ್ಜಾಟದ ಬಿಸಿಗೆ ಕರಗಿ, ತೆಳ್ಳನೆಯ ನೀರಿನ ಪೊರೆಯಾಗುತ್ತದೆ. ಆ ಪೊರೆಯೇ ಎಣ್ಣೆ, ಆ ಪೊರೆಯೇ ತಂಪು. ಸ್ಕೀ ಹಿಮದ ಮೇಲೆ ಸರಾಗವಾಗಿ ಜಾರುವುದೂ ಹೆಚ್ಚುಕಡಿಮೆ ಇದೇ ಬಗೆಯ ಪೊರೆಯಿಂದಲೇ ಎಂದು ಇಂಗ್ಲೆಂಡಿನ ವಿಜ್ಞಾನಿಗಳಾದ ಬೌಡನ್ ಮತ್ತು ಹ್ಯೂಸ್ 1939ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ವಾದಿಸಿದರು. ಸ್ವಿಟ್ಜರ್ಲೆಂಡಿನ ಯುಂಗ್‌ಫ್ರಾವ್‌ಯೋಖ್‌ನ ಮಂಜಿನ ಗುಹೆಯಲ್ಲೂ ಅವರು ಪರೀಕ್ಷೆ ನಡೆಸಿದ್ದರು. ಮಂಜುಗಡ್ಡೆಯ ಮೇಲ್ಪದರದ ಅಣುಗಳು ತಾವಾಗಿಯೇ ಸಡಿಲವಾಗಿರುತ್ತವೆ ಎಂಬ ವಿವರಣೆಯೂ ಈಚೆಗೆ ಬಲ ಪಡೆದಿದೆ. ಅದೇನೇ ಇರಲಿ, ಸ್ನೋಮೊಬೈಲಿನ ಸ್ಲೈಡಿಗೆ ಹಿಮ ಸಿಗದಿದ್ದರೆ ಪೊರೆಯೂ ಇಲ್ಲ.

ಗ್ರೀಸೋ ಎಣ್ಣೆಯೋ ಬಳಿದರೆ ಆಗದೇ ಎಂಬ ಪ್ರಶ್ನೆ ಯಾರಿಗಾದರೂ ಬರುತ್ತದೆ. ಸೆಕೆಂಡಿಗೆ ಇನ್ನೂರಕ್ಕೂ ಹೆಚ್ಚು ಸಲ ಉಕ್ಕಿನ ಅಂಚು ಕೆರೆದುಕೊಂಡು ಹೋಗುವ ಜಾಗದಲ್ಲಿ ಬಳಿದದ್ದು ನಿಲ್ಲುವುದಿಲ್ಲ. ಉದುರಿದ್ದು ಹಾದಿಯ ಹಿಮವನ್ನು, ಆಮೇಲೆ ಕೆರೆಯ ನೀರನ್ನು ಸೇರುತ್ತದೆ. ಸ್ಲೈಡಿಗೆ ಬೇಕಾದದ್ದು ಎಡೆಬಿಡದೆ ಸಿಗುವ ಹೊಸ ಹಿಮ ಮಾತ್ರ.

ಮೊದಲಿನಿಂದಲೂ ಗಾಡಿ ಹೀಗಿರಲಿಲ್ಲ. ವಿಸ್ಕಾನ್ಸಿನ್ನಿನ ಸೇನರ್ ಊರಿನ ಕಾರ್ಲ್ ಎಲಿಯಾಸನ್ 1924ರಲ್ಲಿ ಕಟ್ಟಿದ ಮೋಟಾರು ಜಾರುಬಂಡಿ, ಕ್ವಿಬೆಕ್‌ನ ವಾಲ್ಕೂರ್ ಊರಿನ ಜೋಸೆಫ್ ಅರ್ಮಾಂ ಬೊಂಬಾರ್ಡಿಯೇ 1959ರಲ್ಲಿ ಮಾರುಕಟ್ಟೆಗೆ ತಂದ ಸ್ಕೀ-ಡೂ ಇವೆಲ್ಲ ಸಣ್ಣ ಎಂಜಿನ್ನಿನ, ನಿಧಾನದ ಗಾಡಿಗಳು. ಸ್ಕೀ-ಡೂವಿನ ಎಂಜಿನ್ ಗಾಳಿಯಿಂದಲೇ ತಣಿಯುತ್ತಿತ್ತು. ಬೊಂಬಾರ್ಡಿಯೇ ಈ ಕೆಲಸಕ್ಕೆ ಜೀವ ತೇದದ್ದರ ಹಿಂದೆ ದೊಡ್ಡ ನೋವಿತ್ತು. 1934ರ ಚಳಿಗಾಲದಲ್ಲಿ ಹಿಮ ದಾರಿಗಳನ್ನೆಲ್ಲ ಮುಚ್ಚಿದ್ದರಿಂದ ಆತನ ಎರಡು ವರ್ಷದ ಮಗನನ್ನು ಆಸ್ಪತ್ರೆಗೆ ಸಾಗಿಸಲಾಗದೆ ಮಗು ತೀರಿಕೊಂಡಿತು. ಮೊದಲ ಸ್ಕೀ-ಡೂಗಳಲ್ಲಿ ಟ್ರ್ಯಾಕಿನ ಒಳಗೆ ಸಾಲು ಸಾಲು ಬೋಗಿ ಚಕ್ರಗಳಿದ್ದವು. ಚಕ್ರ ಉರುಳುತ್ತದೆಯೇ ಹೊರತು ಉಜ್ಜುವುದಿಲ್ಲ, ಹಾಗಾಗಿ ಪ್ಲಾಸ್ಟಿಕ್ ಕರಗುವ ಮಾತೇ ಇರಲಿಲ್ಲ. ವೇಗ ಹೆಚ್ಚಿದಂತೆ ಚಕ್ರಗಳ ಜಾಗಕ್ಕೆ ಹಗುರವಾದ, ಉಬ್ಬುತಗ್ಗುಗಳನ್ನು ಚೆನ್ನಾಗಿ ತಾಳಿಕೊಳ್ಳುವ ಸ್ಲೈಡ್ ರೈಲುಗಳು ಬಂದವು. 1970ರ ದಶಕದಲ್ಲಿ ಕೂಲಂಟ್ ಹರಿಯುವ ಎಂಜಿನ್ನುಗಳೂ ಬಂದವು. ಎರಡೂ ಒಳ್ಳೆಯ ಬದಲಾವಣೆಗಳೇ. ಇವೆರಡರಿಂದ ಗಾಡಿ ಹಿಮದ ಮೇಲೆ ಓಡುವುದರ ಜೊತೆಗೆ ಹಿಮವನ್ನೇ ತಿಂದು ಬದುಕುವಂತಾಯಿತು.

ಹಾದಿಯೂ ಬದಲಾಯಿತು. ಮಿನ್ನೆಸೋಟ ಒಂದರಲ್ಲೇ ಸ್ನೋಮೊಬೈಲಿಗೆಂದು ಹದಗೊಳಿಸುವ ಹಾದಿ ಸುಮಾರು 22,000 ಮೈಲಿ, ಅಂದರೆ 35,000 ಕಿಲೋಮೀಟರಿನಷ್ಟಿದೆ. ಅದರಲ್ಲಿ ಹೆಚ್ಚಿನದನ್ನು ನೋಡಿಕೊಳ್ಳುವವರು ಊರೂರಿನ ಕ್ಲಬ್ಬುಗಳ ಸ್ವಯಂಸೇವಕರು. ಸಂಜೆ ಕೆಲಸ ಮುಗಿಸಿ ಬಂದವರು ಗ್ರೂಮರ್ ಎಂಬ ದೊಡ್ಡ ಯಂತ್ರ ಹತ್ತಿ, ಹಿಂದೆ ಭಾರದ ಹಲುಬೆ ಎಳೆಯುತ್ತ ರಾತ್ರಿಯಿಡೀ ಹಾದಿಯ ಉಬ್ಬುಗಳನ್ನು ಕೆತ್ತಿ, ಮಗುಚಿ, ಒತ್ತಿ ಸಮ ಮಾಡುತ್ತಾರೆ. ರಾತ್ರಿಯೇ ಆಗಬೇಕು, ಯಾಕೆಂದರೆ ಕಲಕಿದ ಹಿಮದ ಹರಳುಗಳು ಚಳಿಯಲ್ಲಿ ಕೆಲವು ಗಂಟೆ ಅಲುಗಾಡದೆ ಬಿದ್ದಿದ್ದರೆ ಮಾತ್ರ ಒಂದಕ್ಕೊಂದು ಬೆಸೆದು ಗಟ್ಟಿಯಾಗುತ್ತವೆ. ಬೆನ್ನುಮೂಳೆ ಉಳಿಸುವ ಆ ಸಮತಟ್ಟಾದ ಹಾದಿ ಸಂಬಳವಿಲ್ಲದೆ ದುಡಿದವರ ನಿದ್ದೆಗೆಟ್ಟ ರಾತ್ರಿಗಳ ಫಲ. ಅದು ಚೆನ್ನಾಗಿ ಗಟ್ಟಿಯಾದಷ್ಟೂ ಟ್ರ್ಯಾಕಿಗೆ ಕೆದರಲು ಸಿಗುವ ಪುಡಿಹಿಮ ಕಡಿಮೆ. ಅದರ ಮೇಲೆ ಒಂದು ಬಿಸಿಲು, ಒಂದು ಮಳೆ, ಒಂದು ಕಡುಚಳಿಯ ರಾತ್ರಿ ಸರಿದರೆ ಹಾದಿಯೆಲ್ಲ ಮಂಜುಗಡ್ಡೆ.

ಇದಕ್ಕೆ ಸಿಕ್ಕ ಪರಿಹಾರ ಬಹಳ ಸರಳ, ಅಗ್ಗ ಕೂಡ. ಅದರ ಹೆಸರು ಐಸ್ ಸ್ಕ್ರ್ಯಾಚರ್. ಬೆರಳಿಗಿಂತ ತೆಳುವಾದ ಸ್ಪ್ರಿಂಗ್ ಉಕ್ಕಿನ ಸರಳು ಅದು, ಬುಡದಲ್ಲಿ ಸುರುಳಿ, ತುದಿಯಲ್ಲಿ ಗಟ್ಟಿ ಲೋಹದ ಮೊಳೆ. ರೈಲಿನ ಮುಂಭಾಗಕ್ಕೋ ಸ್ಕೀಗೋ ಎರಡೂ ಬದಿ ಒಂದೊಂದನ್ನು ಬಿಗಿಯುತ್ತಾರೆ. ಬೇಡವಾದಾಗ ಮೇಲಕ್ಕೆ ಮಡಚಿ ಕೊಕ್ಕೆಗೆ ಸಿಕ್ಕಿಸಬಹುದು. ಬಿಟ್ಟರೆ ತುದಿ ಹಾದಿಯನ್ನು ಗೀರುತ್ತ ಸಾಗುತ್ತದೆ, ಗೀರಿದ ಮಂಜಿನ ಪುಡಿ ಕಾರಂಜಿಯಂತೆ ಎದ್ದು ಟ್ರ್ಯಾಕಿನ ಒಳಗೂ ಸ್ಲೈಡಿನ ಮೇಲೂ ಕೂಲರ್ ಪಟ್ಟಿಗಳ ಮೇಲೂ ಬೀಳುತ್ತದೆ. ಏರುತ್ತಿದ್ದ ಕೂಲಂಟ್ ಬಿಸಿ ನೋಡುನೋಡುತ್ತಿದ್ದಂತೆ ಇಳಿಯತೊಡಗುತ್ತದೆ. ಸರಳಿನ ಬಗೆಯವಕ್ಕೆ ಒಂದು ಶತ್ರುವಿದೆ, ಅದು ರಿವರ್ಸ್. ಅವುಗಳನ್ನು ಕೆಳಗೆ ಬಿಟ್ಟಿರುವುದನ್ನು ಮರೆತು ಗಾಡಿಯನ್ನು ಹಿಂದಕ್ಕೆ ತೆಗೆದರೆ ಸರಳು ಮಡಚಿಕೊಂಡು ಮುರಿಯುತ್ತದೆ. ಹಿಂದೆ ಮುಂದೆ ಎರಡೂ ಕಡೆ ಬಾಗುವಂತೆ ಉಕ್ಕಿನ ಹಗ್ಗದಿಂದ ಮಾಡಿದವು ಈ ಕಾರಣಕ್ಕೇ ಹುಟ್ಟಿಕೊಂಡವು. ಹಾದಿಗೆಂದೇ ಮಾಡುವ ಪ್ರತಿ ಗಾಡಿಗೂ ಕಾರ್ಖಾನೆಯಲ್ಲೇ ಇವನ್ನು ಬಿಗಿದು ಕಳುಹಿಸಬೇಕು. ಸಾವಿರಾರು ಡಾಲರಿನ ಎಂಜಿನ್ ಉಳಿಸುವ ಈ ಸಣ್ಣ ಸಾಮಾನನ್ನು ‘ಬೇಕಾದರೆ ಕೊಂಡುಕೊಳ್ಳಿ’ ಪಟ್ಟಿಯಲ್ಲಿ ಇಡುವುದು ಸರಿಯಲ್ಲ.

ಸ್ಕ್ರ್ಯಾಚರ್ ಇಲ್ಲದವರು ಹಾದಿಯ ಅಂಚು ಹುಡುಕುತ್ತಾರೆ. ಗ್ರೂಮರ್ ತಾಗದ ಅಂಚಿನಲ್ಲಿ ಸಾಮಾನ್ಯವಾಗಿ ಒಂದಷ್ಟು ಸಡಿಲ ಹಿಮ ಉಳಿದಿರುತ್ತದೆ. ಸುರಕ್ಷಿತವಾಗಿರುವ ಕಡೆ ಗಾಡಿಯ ಒಂದು ಬದಿಯನ್ನು ಅದಕ್ಕೆ ಇಳಿಸಿ ಸ್ವಲ್ಪ ದೂರ ಓಡಿಸಿದರೆ ಟನಲ್ ಹಿಮದಿಂದ ತುಂಬಿಕೊಳ್ಳುತ್ತದೆ. ಹಾದಿ ಖಾಸಗಿ ಜಮೀನಿನಲ್ಲಿ ಹಾದುಹೋಗುವ ಕಡೆ ಮಾತ್ರ ಇದು ಕೂಡದು. ರೈತರು ಒಪ್ಪಿ ಬಿಟ್ಟ ಹಾದಿಯಿಂದ ಆಚೆ ಟ್ರ್ಯಾಕ್ ಹೋದರೆ ಮುಂದಿನ ವರ್ಷ ಆ ಹಾದಿಯೇ ಇರುವುದಿಲ್ಲ. ಏನೂ ಸಿಗದಿದ್ದರೆ ನಿಲ್ಲಿಸಬೇಕು. ಎಂಜಿನ್ ಆರಿಸಿ, ಕೈಯಿಂದ ಹಿಮ ತುಂಬಿ ಟನಲಿನ ಮೇಲೂ ಕಾಲಿಡುವ ಹಲಗೆಗಳ ಮೇಲೂ ಸುರಿದು ಕಾಯಬೇಕು. ಗುಂಪಿನಲ್ಲಿ ಹೊರಟವರಿಗೆ ನಿಲ್ಲಲು ಹೇಳುವುದು ಮುಜುಗರ ಅನ್ನಿಸುತ್ತದೆ, ಇನ್ನು ಎರಡೇ ಮೈಲಿ ಎಂದು ಓಡಿಸಿಬಿಡುತ್ತಾರೆ. ಆ ಎರಡು ಮೈಲಿಯಲ್ಲೇ ಟು-ಸ್ಟ್ರೋಕ್ ಎಂಜಿನ್ನಿನ ಅಲ್ಯೂಮಿನಿಯಂ ಪಿಸ್ಟನ್ ಹಿಗ್ಗಿ ಸಿಲಿಂಡರಿಗೆ ಕಚ್ಚಿಕೊಂಡಿರುವ ಉದಾಹರಣೆಗಳು ಬೇಕಾದಷ್ಟಿವೆ.

ಫ್ಯಾನಿನಿಂದ ತಣಿಯುವ ಎಂಜಿನ್ನಿನ ಗಾಡಿ ಇದ್ದವರಿಗೂ, ಮುಂದೆ ರೇಡಿಯೇಟರ್ ಇರುವ ಕೆಲವು ಪ್ರವಾಸಿ ಮಾದರಿಗಳ ಸವಾರರಿಗೂ ಕೆಂಪು ದೀಪದ ಕಾಟ ಕಡಿಮೆ. ಅವರು ಸ್ಲೈಡನ್ನು ಮರೆಯುವುದೂ ಅದಕ್ಕೇ. ಎಂಜಿನ್ ಸುಖವಾಗಿದ್ದಷ್ಟು ಹೊತ್ತೂ ಕೆಳಗೆ ಪ್ಲಾಸ್ಟಿಕ್ ಕರಗುತ್ತಿರಬಹುದು, ಅದಕ್ಕೆ ಯಾವ ದೀಪವೂ ಇಲ್ಲ. ವಾಸನೆ ಬಂದಾಗ, ಗಾಡಿ ಯಾರೋ ಹಿಂದಿನಿಂದ ಹಿಡಿದೆಳೆದಂತೆ ಭಾರವಾದಾಗ ತಿಳಿಯಬೇಕು. ಆಗ ತಟ್ಟನೆ ನಿಲ್ಲಿಸಿದರೆ ಕರಗಿದ ಪ್ಲಾಸ್ಟಿಕ್ ಕ್ಲಿಪ್‌ಗಳಿಗೆ ಅಂಟಿ ಅಲ್ಲೇ ಹೆಪ್ಪುಗಟ್ಟುವುದುಂಟು. ವೇಗ ತಗ್ಗಿಸಿ, ಹಿಮವಿರುವ ಕಡೆಗೆ ಮೆಲ್ಲಗೆ ತಂದು ತಣಿಸುವುದು ಅನುಭವಿಗಳ ರೀತಿ.

ಸ್ಲೈಡ್ ಬದಲಿಸುವುದು ದೊಡ್ಡ ವಿದ್ಯೆಯೇನಲ್ಲ. ಪಟ್ಟಿಯ ಪಕ್ಕದಲ್ಲಿ ಕಾರ್ಖಾನೆಯವರೇ ಒಂದು ಗೆರೆ ಕೊಟ್ಟಿರುತ್ತಾರೆ, ಸವೆತ ಅಲ್ಲಿಗೆ ಮುಟ್ಟಿದರೆ ಆಯುಷ್ಯ ಮುಗಿಯಿತು. ರೈಲು ಮೇಲಕ್ಕೆ ಬಾಗುವ ಮುಂದಿನ ತಿರುವಿನಲ್ಲಿ ಸವೆತ ಜಾಸ್ತಿ, ಮೊದಲು ನೋಡಬೇಕಾದದ್ದು ಅಲ್ಲಿ. ಮುಂತುದಿಯ ಸ್ಕ್ರೂ ತೆಗೆದು, ಹಳೆಯ ಪಟ್ಟಿಯನ್ನು ತಟ್ಟಿ ಹೊರಗೆ ಜಾರಿಸಿ, ಹೊಸದಕ್ಕೆ ಸೋಪಿನ ನೀರು ಸವರಿ ಅದೇ ದಾರಿಯಲ್ಲಿ ಒಳಕ್ಕೆ ತಳ್ಳುತ್ತಾರೆ. ಹೆಚ್ಚು ಕಾಲ ಬಾಳಲೆಂದು ಗ್ರಾಫೈಟ್ ಬೆರೆಸಿದ ಪಟ್ಟಿಗಳೂ ಸಿಗುತ್ತವೆ. ರೈಲಿಗೆ ಹೆಚ್ಚುವರಿ ಬೋಗಿ ಚಕ್ರ ಸೇರಿಸಿದರೆ ಭಾರದ ಒಂದು ಪಾಲು ಅವುಗಳ ಮೇಲೆ ಬಿದ್ದು ಪ್ಲಾಸ್ಟಿಕ್ಕಿಗೆ ಹಗುರ, ಹಳೆಯ ಗಾಡಿಗಳ ಉಪಾಯ ಹೀಗೆ ಮತ್ತೆ ಕೆಲಸಕ್ಕೆ ಬಂದಿದೆ. ಇವೆಲ್ಲಕ್ಕಿಂತ ಮುಖ್ಯವಾದದ್ದಕ್ಕೆ ಕಾಸು ಖರ್ಚಿಲ್ಲ: ಟ್ರ್ಯಾಕಿನ ಬಿಗಿ. ಗಾಡಿಯ ಕೈಪಿಡಿ ಹೇಳಿದ್ದಕ್ಕಿಂತ ಬಿಗಿಯಾಗಿದ್ದರೆ ಕ್ಲಿಪ್‌ಗಳು ಸ್ಲೈಡನ್ನು ಒತ್ತಿ ತೇಯುತ್ತವೆ, ಸಡಿಲವಾಗಿದ್ದರೆ ಟ್ರ್ಯಾಕ್ ತನ್ನನ್ನು ತಿರುಗಿಸುವ ಚಕ್ರದ ಹಲ್ಲು ತಪ್ಪಿ ಹಾರುತ್ತದೆ.

ಪಂದ್ಯದವರ ಕಷ್ಟ ಇನ್ನೊಂದು ಬಗೆ. ಮಿಷಿಗನ್ನಿನ ಸೂ ಸೇಂಟ್ ಮೇರಿಯಲ್ಲಿ 1969ರಿಂದ ನಡೆಯುತ್ತಿರುವ ಐ-500 ಪಂದ್ಯ ಅಪ್ಪಟ ಮಂಜುಗಡ್ಡೆಯ ಒಂದು ಮೈಲಿ ಸುತ್ತಿನಲ್ಲಿ ಐನೂರು ಮೈಲಿ ಓಟ. ಅಲ್ಲಿ ಟ್ರ್ಯಾಕಿಗೆ ಬಡಿದ ಚೂಪು ಮೊಳೆಗಳೇ ಮಂಜನ್ನು ಕೆತ್ತಿ ಪುಡಿ ಎಬ್ಬಿಸುತ್ತವೆ. ಅಲಾಸ್ಕಾದಲ್ಲಿ 1984ರಲ್ಲಿ ಶುರುವಾದ ಐರನ್ ಡಾಗ್ ಪಂದ್ಯದಲ್ಲಿ ಇಬ್ಬಿಬ್ಬರ ಜೋಡಿಗಳು ಹೆಪ್ಪುಗಟ್ಟಿದ ಯೂಕಾನ್ ನದಿಯ ಮೇಲೆ, ಗಾಳಿ ಹಿಮವನ್ನೆಲ್ಲ ಗುಡಿಸಿಬಿಟ್ಟ ಕಡಲತೀರದ ಮಂಜಿನ ಮೇಲೆ ದಿನಗಟ್ಟಲೆ ಸಾಗಬೇಕು. ಅಲ್ಲಿ ಗೆಲುವು ಎಂಜಿನ್ನಿನ ಬಲದಷ್ಟೇ ಅದನ್ನು ತಣ್ಣಗಿಟ್ಟುಕೊಳ್ಳುವ ಜಾಣತನದ ಮೇಲೂ ನಿಂತಿದೆ.

ಈ ಜಾಣತನ ಮುಂದೆ ಇನ್ನೂ ಹೆಚ್ಚು ಬೇಕಾಗುತ್ತದೆ. 2023-24ರ ಚಳಿಗಾಲ ಮಿನ್ನೆಸೋಟದಲ್ಲಿ ದಾಖಲೆಯಷ್ಟು ಬೆಚ್ಚಗಿತ್ತು. ಅದೇ ಜನವರಿಯಲ್ಲಿ ಗುಲ್ಮಾರ್ಗ್‌ನ ಇಳಿಜಾರುಗಳೂ ಬಹುತೇಕ ತಿಂಗಳು ಮುಗಿಯುವವರೆಗೆ ಬರಿದಾಗಿದ್ದವು. ಹಿಮ ಬಿದ್ದ ವರ್ಷಗಳಲ್ಲೂ ಚಳಿಗಾಲದ ನಡುವೆ ಮಳೆ, ಅದರ ಬೆನ್ನಿಗೆ ಕಡುಚಳಿ ಬಂದರೆ ಪುಡಿಹಿಮದ ದಿನಗಳು ಕಡಿಮೆಯಾಗಿ ಗಡ್ಡೆಯ ದಿನಗಳು ಹೆಚ್ಚುತ್ತವೆ.

ಕ್ವಿಬೆಕ್‌ನ ಕಂಪನಿಗಳು ಈಗ ವಿದ್ಯುತ್ ಸ್ನೋಮೊಬೈಲುಗಳನ್ನು ಮಾರುಕಟ್ಟೆಗಿಳಿಸಿವೆ. ಮಾಂಟ್ರಿಯಲ್‌ನ ಟೈಗಾ ಇದಕ್ಕೆಂದೇ ಹುಟ್ಟಿದ ಕಂಪನಿ, ಸ್ಕೀ-ಡೂ ಕೂಡ ತನ್ನ ವಿದ್ಯುತ್ ಮಾದರಿಯನ್ನು ಹೊರತಂದಿದೆ. ಬ್ಯಾಟರಿ ಮತ್ತು ಮೋಟಾರು ಪೆಟ್ರೋಲ್ ಎಂಜಿನ್ನಿನಷ್ಟು ಶಾಖ ಕಾರುವುದಿಲ್ಲ, ಹಾಗಾಗಿ ಕೂಲಂಟಿನ ಚಿಂತೆ ಅಷ್ಟರಮಟ್ಟಿಗೆ ತಗ್ಗುತ್ತದೆ. ಅವುಗಳ ಟ್ರ್ಯಾಕಿನೊಳಗಿನ ರೈಲಿಗೆ ತೊಡಿಸಿರುವುದು ಮಾತ್ರ ಅದೇ ಪ್ಲಾಸ್ಟಿಕ್ ಪಟ್ಟಿ. ಗಟ್ಟಿ ಹಾದಿಯಲ್ಲಿ ಅವಕ್ಕೂ ಸ್ಕ್ರ್ಯಾಚರ್ ಬಿಗಿದೇ ಹೊರಡಬೇಕು.